ಕೌದಿ ಹೊದಿಸಿದ ಬ್ಯಾಟರಿ

ಕಟ್ಟೆ ವರ್ಷ ೨೧೧,
ಅಧಿಕ ಮಾಸದ ಬೆನ್ನಿಗೇ ಬಂದ ಇನ್ನೊಂದು ಅಧಿಕ ಮಾಸದ ಮೂವತ್ತೆರಡನೆಯ ದಿನ,
ಹುಬ್ಬಳ್ಳಿ.

ಶ್ರೀ ಮಹಾರುದ್ರಪ್ಪ ಹೊಸಕೇರಿಯವರಿಗೆ,

ಮೇಲೆ ಬರೆದ ದಿನ ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇಲ್ಲ. ಹಾಳೆ ತಿರುವಿ ಹುಡುಕಬೇಡಿ. ನಿಮ್ಮನ್ನು ಏನೆಂದು ಕರೆಯುವುದು ಎಂಬ ಯೋಚನೆಯಲ್ಲೇ ನನ್ನ ಒಂದು ಬೆಳಗು ಹೋಯಿತು. ನೀವು ನನ್ನ ಮುತ್ತಜ್ಜನ ಮುತ್ತಜ್ಜ, ಆ ಲೆಕ್ಕಕ್ಕೆ ತೀರ್ಥರೂಪರು. ಆದರೆ ಓದುವ ನಿಮಗೆ ಮೂವತ್ತನಾಲ್ಕು, ಬರೆಯುವ ನನಗೆ ಎಂಬತ್ತೊಂದು, ಈ ಲೆಕ್ಕಕ್ಕೆ ಚಿರಂಜೀವಿ. ನಿಮ್ಮ ಕಾಲಿಗೆ ಬೀಳಲೂ ನನಗೆ ಮನಸ್ಸಿಲ್ಲ, ನಿಮ್ಮನ್ನು ಹರಸಲೂ ಮನಸ್ಸಿಲ್ಲ. ಆದ್ದರಿಂದ ಹೆಸರಷ್ಟೇ ಬರೆದಿದ್ದೇನೆ. ನನ್ನ ಹೆಸರು ಬಾಳವ್ವ. ನಿಮ್ಮ ಮನೆತನದಲ್ಲಿ ಈಗ ಬದುಕಿರುವವರಲ್ಲಿ ನಾನೇ ಹಿರಿಯಳು, ನಾಲಿಗೆಯೂ ನನ್ನದೇ ಉದ್ದ. ಅದಕ್ಕೇ ಈ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ.

ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ಉಳಿದುಬಂದ ಹಳೆಯ ಕಾಗದಗಳಿಂದ ಕಲಿತೆ. ಉಳಿದವುಗಳಲ್ಲಿ ಹೆಚ್ಚಿನವು ಮದುವೆಯ ಆಮಂತ್ರಣಗಳು, ಔಷಧದ ಡಬ್ಬಿಯೊಳಗಿನ ಚೀಟಿಗಳು ಮತ್ತು ಇಲ್ಲಿ ವಾಹನ ನಿಲ್ಲಿಸಬಾರದು ಎಂಬಂಥ ಫಲಕಗಳು. ಹಾಗಾಗಿ ನಾನು ಒಮ್ಮೆ ಸಕುಟುಂಬ ಬರಬೇಕೆಂದು ಕರೆಯುವಂತೆ, ಇನ್ನೊಮ್ಮೆ ಗದರಿಸುವಂತೆ ಕೇಳಿಸಬಹುದು. ಗದರಿಸಿದಂತೆ ಕೇಳಿಸಿದರೆ ಗದರಿಸುತ್ತಿದ್ದೇನೆ ಎಂದೇ ತಿಳಿಯಿರಿ. ಬ್ಯಾಟರಿಗೆ ನಾವು ಕೋಶ ಎನ್ನುತ್ತೇವೆ. ಚಾರ್ಜ್ ಮಾಡುವುದಕ್ಕೆ ಉಣಿಸುವುದು ಎನ್ನುತ್ತೇವೆ, ಚಾರ್ಜರಿಗೆ ಉಣಿಕೆ ಎನ್ನುತ್ತೇವೆ. ಉಳಿದ ಪದಗಳನ್ನು ಬಂದ ಬಂದ ಹಾಗೆ ಬಿಡಿಸಿ ಹೇಳುತ್ತೇನೆ.

ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಅದರ ಯಂತ್ರ ಹೇಗೆ ನಡೆಯುತ್ತದೆ ಎಂದು ಕೇಳಬೇಡಿ. ನಿಮ್ಮ ಸ್ಕೂಟರು ಹೇಗೆ ನಡೆಯುತ್ತದೆ ಎಂಬುದು ನಿಮಗೆ ಎಷ್ಟು ತಿಳಿದಿತ್ತೋ ಇದು ನನಗೂ ಅಷ್ಟೇ ತಿಳಿದಿದೆ. ಒಂದು ಮನೆತನಕ್ಕೆ ಒಂದೇ ಓಲೆ, ಅದೂ ಒಬ್ಬನೇ ಹಿರಿಯನಿಗೆ. ಯಾವ ದಿನ ತಲುಪಬೇಕು ಎಂಬುದನ್ನು ಬರೆಯುವವರೇ ಆರಿಸಬೇಕು. ಒಮ್ಮೆ ಹೋದ ಮೇಲೆ ತಿದ್ದುವಂತಿಲ್ಲ. ಮೇಲಿನ ಓಣಿಯ ಮನೆತನವೊಂದು ತಮ್ಮ ಹಿರಿಯನಿಗೆ ‘ಬಂಗಾರ ಎಲ್ಲಿ ಹುಗದೀರಿ?’ ಎಂದು ಬರೆದು ಕಳಿಸಿತು. ಉತ್ತರ ಬರುವ ದಾರಿಯೇ ಇಲ್ಲ ಎಂಬುದು ಓಲೆ ಹೋದ ಮೇಲೆ ಅವರಿಗೆ ಹೊಳೆಯಿತು. ನಾವು ಅಷ್ಟು ದಡ್ಡರಲ್ಲ, ದಿನವನ್ನು ತೂಗಿ ನೋಡಿ ಆರಿಸಿದ್ದೇವೆ. ಈ ಓಲೆ ಬರುವ ದಿನ ನಿಮ್ಮ ಸುತ್ತ ಜನ ತುಂಬಿರುತ್ತಾರೆ. ಯಾರಿಗೂ ತೋರಿಸದೆ, ನೀರಡಿಕೆಯಾಗಿದೆ ಎಂದು ಹೇಳಿ ಎದ್ದುಹೋಗಿ, ಒಬ್ಬರೇ ಕೂತು ಓದಿ.

ವಿಷಯ ಇಷ್ಟು. ದಾಕ್ಷಾಯಣಿ ಮತ್ತು ಇಂಪನಾ, ನಿಮ್ಮ ಹೆಂಡತಿ ಮತ್ತು ಏಳು ವರ್ಷದ ಮಗಳು, ಇಬ್ಬರ ಸಾವಿಗೂ ಕಾರಣ ನಿಮ್ಮ ಸ್ಕೂಟರಿನ ಬ್ಯಾಟರಿ. ಬ್ಯಾಟರಿ ಎಂದೆನೇ? ಅದರದೇನೂ ತಪ್ಪಿಲ್ಲ. ಕಾರಣ ನೀವು. ನಮ್ಮ ಮನೆತನದಲ್ಲಿ ಮಗು ಮಾತು ಕಲಿತ ಮೇಲೆ ಮೊದಲು ಬಾಯಿಪಾಠ ಮಾಡುವುದು ಆ ನಿಮ್ಮ ಬಾಡಿಗೆ ಮನೆಯನ್ನು. ಮೊದಲ ಮಹಡಿ, ಒಂದೇ ಬಾಗಿಲು, ಬಾಗಿಲ ಪಕ್ಕ ಚಪ್ಪಲಿಯ ಗೂಡು, ಗೂಡಿನ ಪಕ್ಕ ದೊಡ್ಡ ಪ್ಲಗ್ಗು, ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಪಾಠ ಒಪ್ಪಿಸಿದ ಮಗುವಿಗೆ ‘ಈಗ ಪ್ಲಗ್ಗಿನ್ಯಾಗ ಬೆಂಕಿ ಹತ್ತೇತಿ. ಎಲ್ಲಿಂದ ಹೊರಗ ಹೋಗತಿ?’ ಎಂದು ಕೇಳುತ್ತೇವೆ. ಮಗು ಕಣ್ಣಲ್ಲೇ ಮನೆಯ ಸುತ್ತ ತಿರುಗಿ, ಕೊನೆಗೆ ಅಳುತ್ತದೆ. ಅತ್ತರೆ ಪಾಠ ಬಂದಿದೆ ಎಂದು ಅರ್ಥ.

ನೀವು ಊರ ತುಂಬ ಔಷಧದ ಅಂಗಡಿಗಳಿಗೆ ಮಾತ್ರೆ ಮುಟ್ಟಿಸುವವರು. ತಂಪಾದ ಜಾಗದಲ್ಲಿಡಿ, ಮಕ್ಕಳ ಕೈಗೆ ಸಿಗದಂತೆ ಇಡಿ ಎಂದು ಬರೆದ ಡಬ್ಬಿಗಳನ್ನು ಬೆಳಗಿನಿಂದ ಸಂಜೆಯವರೆಗೆ ಹೊತ್ತು ತಿರುಗಿದವರು. ಅಂಥದೇ ಎಚ್ಚರಿಕೆ ಬ್ಯಾಟರಿಯ ಮೇಲೂ ಇತ್ತು. ಆಯುಧ ಪೂಜೆಗೆ ಸರಿಯಾಗಿ ಅದರ ಮೇಲೆಯೇ ವಿಭೂತಿ ಬಳಿದು ಕುಂಕುಮ ಹಚ್ಚಿದಿರಿ. ಭಕ್ತಿಗೇನೂ ಕಡಿಮೆ ಇರಲಿಲ್ಲ, ಓದುವುದೊಂದು ಬಿಟ್ಟು.

ಗಾಡಿ ನಿಲ್ಲಿಸುವ ಜಾಗದಲ್ಲೇ ಉಣಿಸಲು ಮನೆಯ ಮಾಲೀಕ ಬಿಡಲಿಲ್ಲ. ‘ನನ್ನ ಮೀಟರಿಗೆ ನಿಮ್ಮ ಗಾಡಿ ಹಚ್ಚಬ್ಯಾಡ್ರಿ’ ಎಂದ ಅವನ ಮಾತು ನಮ್ಮವರ ಬಾಯಲ್ಲಿ ಇಂದಿಗೂ ಇದೆ. ಸರಿ, ಬ್ಯಾಟರಿಯನ್ನು ಕಳಚಿ, ಕೂಸಿನ ಹಾಗೆ ಬಗಲಿಗೇರಿಸಿಕೊಂಡು ಮೆಟ್ಟಿಲು ಹತ್ತತೊಡಗಿದಿರಿ. ಒಮ್ಮೆ ಕೈಜಾರಿ ಮೆಟ್ಟಿಲ ಮೇಲೆ ಬಿತ್ತು, ಒಂದು ಮೂಲೆ ನೆಗ್ಗಿತು. ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯಂತೆ ಅಲ್ಲಾಡಿಸಿ, ಏನೂ ಆಗಿಲ್ಲ ಎಂದಿರಿ. ಬಿದ್ದ ಕೋಶ ಅಂದೇ ಸಿಟ್ಟು ತೋರಿಸುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತದೆ. ಆಮೇಲೆ ಅದರ ಉಣಿಕೆ ಕೆಟ್ಟಿತು. ಯಾವುದೋ ಬೇರೆ ಗಾಡಿಯ ಉಣಿಕೆಯನ್ನು ತಂದಿರಿ. ದಾಕ್ಷಾಯಣಿ ಕೇಳಿದಳು, ‘ಇದು ನಮ್ಮದಲ್ಲಲ್ರೀ, ನಡೀತೈತೇನು?’ ನೀವು ಹೇಳಿದಿರಿ, ‘ಪಿನ್ನು ಕೂತರ ಆತು. ಕರೆಂಟಿಗೇನ ಜಾತಿ ಐತೇನ?’ ಇದೆ, ಮಹಾರುದ್ರಪ್ಪನವರೇ. ಮನುಷ್ಯರಿಗೆ ಇಲ್ಲದ ಜಾತಿ ಕರೆಂಟಿಗೆ ಇದೆ. ನಿಮ್ಮ ಕಾಲದಲ್ಲಿ ಅದಕ್ಕೆ ವೋಲ್ಟು ಎನ್ನುತ್ತಿದ್ದರು.

ಇವು ಊರಲ್ಲಿ ಎಲ್ಲರೂ ಮಾಡುತ್ತಿದ್ದ ತಪ್ಪುಗಳು. ನಿಮ್ಮದೇ ಸ್ವಂತದ್ದು ಕೌದಿಯ ತಪ್ಪು. ಆ ವರ್ಷದ ಚಳಿಗೆ ಗಾಡಿ ಮೊದಲಿನಷ್ಟು ದೂರ ಓಡಲಿಲ್ಲ. ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲು ಮೊಸರಾಗದಿದ್ದರೆ ನಿಮ್ಮ ತಾಯಿ ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಪಕ್ಕ ಇಡುತ್ತಿದ್ದರು. ನೀವು ಅದೇ ಬುದ್ಧಿಯನ್ನು ಓಡಿಸಿ, ಉಣ್ಣುತ್ತಿರುವ ಬ್ಯಾಟರಿಯ ಮೇಲೆ ದಾಕ್ಷಾಯಣಿಯ ತವರಿನಿಂದ ಬಂದ ಕೌದಿಯನ್ನು ಹೊದಿಸಿದಿರಿ. ‘ಬೆಚ್ಚಗಿದ್ರ ಚಲೋ ಹಿಡೀತೈತಿ’ ಎಂದಿರಿ. ಅವಳು ನಕ್ಕಳು. ಇಂಪನಾ ಬಂದು ಕೌದಿಯ ತುದಿಯನ್ನು ಎಳೆದು ಸರಿಮಾಡಿ ‘ಮಲಕೋ ಬ್ಯಾಟ್ರಿ’ ಎಂದು ತಟ್ಟಿದಳು. ಉಣ್ಣುವ ಕೋಶ ತಾನೇ ಬಿಸಿಯಾಗುತ್ತದೆ, ಆ ಬಿಸಿ ಹೊರಗೆ ಹೋಗಬೇಕು. ಹತ್ತು ಸೀರೆಗಳನ್ನು ಒಂದರ ಮೇಲೊಂದು ಹಾಕಿ ಹೊಲಿದ ಕೌದಿ ಬಿಸಿಯನ್ನು ಎಲ್ಲಿಗೂ ಬಿಡುವುದಿಲ್ಲ. ಅದನ್ನು ಹೊಲಿದವರು ಅದಕ್ಕೆಂದೇ ಹೊಲಿದಿದ್ದರು.

ನಮ್ಮ ಕಾಲದಲ್ಲಿ ಯಾರೂ ಮನೆಯೊಳಗೆ ಕೋಶಕ್ಕೆ ಉಣಿಸುವುದಿಲ್ಲ. ಊರಿಗೆಲ್ಲ ಒಂದೇ ದೊಡ್ಡ ತಂತಿ ಎಂಬುದು ನಮ್ಮಲ್ಲಿಲ್ಲ. ಬಿಸಿಲನ್ನು ಹಿಡಿದು ಕೋಶಕ್ಕೆ ತುಂಬಿ, ಆ ಕೋಶದಿಂದಲೇ ಅಡುಗೆ, ದೀಪ, ನೀರೆತ್ತುವುದು, ಕಿವುಡರ ಕಿವಿ, ಕುಂಟರ ಕಾಲು ಎಲ್ಲವನ್ನೂ ನಡೆಸುತ್ತೇವೆ. ಉಣಿಸಲು ಓಣಿಗೊಂದು ಕಟ್ಟೆ ಇದೆ. ಕಲ್ಲಿನ ಕಟ್ಟೆ, ಬೇವಿನ ನೆರಳಿನಲ್ಲಿ, ಯಾವ ಬಾಗಿಲಿಗೂ ಯಾವ ಮೆಟ್ಟಿಲಿಗೂ ಅಡ್ಡವಿಲ್ಲದಂತೆ ಕಟ್ಟಿದ್ದು. ಅದರ ಮೇಲೆ ಹಂಚು ಹಾಸಿರುತ್ತೇವೆ, ಪಕ್ಕದಲ್ಲಿ ಮರಳಿನ ಬಾನಿ ಇರುತ್ತದೆ. ಬಟ್ಟೆ, ಕಾಗದ, ಹುಲ್ಲು ಒಂದೂ ಹತ್ತಿರ ಸುಳಿಯುವಂತಿಲ್ಲ. ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಉಣಿಸುವ ಮಾತಂತೂ ನಮ್ಮಲ್ಲಿ ಬೈಗುಳವಾಗಿ ಉಳಿದಿದೆ. ನಿನ್ನ ದಿಂಬಿನ ಕೆಳಗೆ ಉಣಿಸಲಿ ಎಂದು ಶಪಿಸಿದರೆ ಎರಡು ಮನೆಗಳ ನಡುವೆ ಮೂರು ತಲೆಮಾರು ಮಾತು ನಿಲ್ಲುತ್ತದೆ.

ಬೆಳಗ್ಗೆ ಮುಖ ತೊಳೆದ ಕೂಡಲೇ ಮನೆಗೊಬ್ಬರು ತಮ್ಮ ಕೋಶಗಳನ್ನು ಬುಟ್ಟಿಯಲ್ಲಿ ಕಟ್ಟೆಗೆ ತರುತ್ತಾರೆ. ಸರದಿಯ ಮೇಲೆ ಒಬ್ಬರು ಕಾಯಲು ಕೂರಬೇಕು, ಅವರಿಗೆ ಕಾಯುವಾಕೆ ಎನ್ನುತ್ತೇವೆ, ಗಂಡಸು ಕೂತರೂ ಕಾಯುವಾಕೆಯೇ. ಆಗಾಗ ಮುಂಗೈಯ ಹಿಂಬದಿಯಿಂದ ಪ್ರತಿ ಕೋಶವನ್ನೂ ಮುಟ್ಟಿ ನೋಡುವುದು ಅವರ ಕೆಲಸ. ಬೆಚ್ಚಗಿದ್ದರೆ ಸರಿ, ಮುಂಗೈ ತಾನಾಗಿ ಹಿಂದೆ ಸರಿದರೆ ಕೂಡಲೇ ಉಣಿಕೆ ಕಿತ್ತುಹಾಕಬೇಕು. ನೀವು ಒಬ್ಬರನ್ನೊಬ್ಬರು ಕಂಡಾಗ ಊಟ ಆತೇನ್ರಿ ಎಂದು ಕೇಳುತ್ತಿದ್ದಿರಿ, ನಾವು ‘ಮುಂಗೈ ಏನಂತೈತಿ?’ ಎಂದು ಕೇಳುತ್ತೇವೆ. ಕಾಯುವಾಕೆ ಎಲ್ಲಿಗೇ ಎದ್ದರೂ ಉಣಿಕೆಗಳನ್ನೆಲ್ಲ ಕಿತ್ತಿಟ್ಟೇ ಏಳಬೇಕು. ಕೂತವರು ಹರಟೆ ಹೊಡೆಯಬಹುದು, ಕಡ್ಲಿ ತಿನ್ನಬಹುದು, ಊರಿನವರ ಮದುವೆ ಕೂಡಿಸಬಹುದು, ಮುರಿಯಲೂಬಹುದು. ತೂಕಡಿಸುವಂತಿಲ್ಲ ಅಷ್ಟೇ.

ದುಡಿದು ಬಂದ ಕೋಶಕ್ಕೆ ನಾವು ಆಗಲೇ ಉಣಿಸುವುದಿಲ್ಲ. ಬಿಸಿಲಲ್ಲಿ ನಡೆದು ಬಂದವನನ್ನು ಮೊದಲು ನೆರಳಲ್ಲಿ ಕೂರಿಸುವ ಹಾಗೆ ಅದನ್ನೂ ಹಂಚಿನ ಮೇಲೆ ಕೂರಿಸಿ, ಪೂರ್ತಿ ತಣಿದ ಮೇಲೆ ಉಣಿಕೆ ಮುಟ್ಟಿಸುತ್ತೇವೆ. ನಾಲ್ಕು ಪಾಲು ತುಂಬಿದರೆ ಐದನೆಯ ಪಾಲಿಗೆ ಕಾಯದೆ ಎಬ್ಬಿಸುತ್ತೇವೆ. ತುಂಬಿದ ಮೇಲೂ ಹಾಗೇ ಬಿಟ್ಟುಹೋಗುವುದು ಉಂಡ ಮೇಲೂ ಬಾಯಿಗೆ ತುರುಕಿದಂತೆ. ಕೋಶಕ್ಕೂ ಅದರ ಉಣಿಕೆಗೂ ಒಂದೇ ಕೆಂಪು ದಾರ ಕಟ್ಟಿರುತ್ತೇವೆ. ಒಂದರ ಉಣಿಕೆಯನ್ನು ಇನ್ನೊಂದಕ್ಕೆ ಹಚ್ಚಿದವರ ಸುದ್ದಿಯನ್ನು ಜನ ದನಿ ತಗ್ಗಿಸಿ ಮಾತಾಡಿಕೊಳ್ಳುತ್ತಾರೆ, ನೀವು ಪರರ ಹೆಂಡಿರ ಸುದ್ದಿಯನ್ನು ಮಾತಾಡಿಕೊಳ್ಳುತ್ತಿದ್ದ ಹಾಗೆ. ಹೊಟ್ಟೆ ಉಬ್ಬಿದ ಕೋಶ, ಬಿದ್ದು ನೆಗ್ಗಿದ ಕೋಶ, ಸಿಹಿ ಸಿಹಿ ವಾಸನೆ ಬಿಡುವ ಕೋಶ ಇವಕ್ಕೆ ಉಣಿಸುವುದೂ ಇಲ್ಲ, ಚುಚ್ಚುವುದೂ ಇಲ್ಲ, ಕಸಕ್ಕೆ ಎಸೆಯುವುದೂ ಇಲ್ಲ. ಮರಳು ತುಂಬಿದ ಗಡಿಗೆಯಲ್ಲಿ ಇಟ್ಟು ಊರಾಚೆಗೆ ಒಯ್ದು, ಅದಕ್ಕೆಂದೇ ಇರುವವರ ಕೈಗೆ ಒಪ್ಪಿಸುತ್ತೇವೆ. ಇಷ್ಟರ ಮೇಲೂ ಹೊಗೆ ಕಂಡರೆ ಯಾರೂ ಅದನ್ನು ಎತ್ತಲು, ಉಳಿಸಲು ಹೋಗುವುದಿಲ್ಲ. ಜನರನ್ನು ಕೂಗಿ ಎಬ್ಬಿಸಿ ದೂರ ಓಡುತ್ತೇವೆ. ಹೊಸ ಸೊಸೆ ನಮ್ಮಲ್ಲಿ ಹೊಸ್ತಿಲ ಮೇಲಿನ ಸೇರನ್ನು ಒದೆಯುವುದಿಲ್ಲ. ಮೂರು ಕೋಶಗಳನ್ನು ಮುಂಗೈಯಿಂದ ಮುಟ್ಟಿ ಯಾವುದು ಕೆಟ್ಟದ್ದು ಎಂದು ಹೇಳಬೇಕು. ತಪ್ಪು ಹೇಳಿದವಳನ್ನು ಅಕ್ಷತೆ ಬಿದ್ದಿದ್ದರೂ ಹಿಂದೆ ಕಳಿಸಿದ್ದುಂಟು.

ನಮ್ಮ ಶಿಕ್ಷೆಯನ್ನೂ ಹೇಳುತ್ತೇನೆ. ಯಾರಾದರೂ ಮನೆಯೊಳಗೆ ಕದ್ದು ಉಣಿಸಿದ್ದು ಗೊತ್ತಾದರೆ ಆ ಮನೆಯ ಬಾಗಿಲನ್ನು ಬಿಜಾಗರಿ ಸಮೇತ ಕಿತ್ತು ಕಟ್ಟೆಗೆ ತಂದು ಒರಗಿಸುತ್ತೇವೆ. ಒಂದು ವರ್ಷ ಅವರು ಬಾಗಿಲಿಲ್ಲದೆ ಬಾಳಬೇಕು. ನಾಯಿ, ಚಳಿ, ಕಂಡವರ ಕಣ್ಣು ಎಲ್ಲವೂ ಒಳಗೆ ಬರುತ್ತವೆ. ಪಕ್ಕದ ಮನೆಯ ನೀಲಗಂಗಮ್ಮ ನನ್ನ ವಾರಗೆಯವಳು, ಮೊಣಕಾಲು ಹಿಡಿದುಹೋಗಿತ್ತು. ಕಟ್ಟೆಯವರೆಗೆ ನಡೆಯಲಾರದೆ ತನ್ನ ಕಿವಿಯ ಸಣ್ಣ ಕೋಶಕ್ಕೆ ಹಾಸಿಗೆಯ ಪಕ್ಕದಲ್ಲೇ ಉಣಿಸಿಕೊಂಡಳು. ಕಡಲೆಕಾಳಿನಷ್ಟು ಕೋಶ ಅದು. ಬಾಗಿಲು ಕೀಳಲು ಬೇರೆ ಯಾರೂ ಮುಂದೆ ಬರಲಿಲ್ಲ, ಬಿಜಾಗರಿಯನ್ನು ನಾನೇ ಬಿಚ್ಚಿದೆ. ಅವಳು ‘ಬಾಳಿ, ನಾವಿಬ್ಬರೂ ಕೂಡಿ ಆಡಿದವರಲ್ಲೇನ?’ ಎಂದಳು. ಹೌದು ಎಂದೆ, ಬಿಚ್ಚಿದೆ. ಆ ಚಳಿಗಾಲವನ್ನು ಅವಳು ದಾಟಲಿಲ್ಲ. ಅವಳ ಸೊಸೆ ಈಗಲೂ ಕಟ್ಟೆಯ ಹತ್ತಿರ ಸಿಕ್ಕಾಗ ‘ಬಾಗಲಾ ಯಾವಾಗ ಕೊಡ್ತೀರಿ?’ ಎಂದು ಕೇಳುತ್ತಾಳೆ. ವರ್ಷ ತುಂಬಿದ ಮೇಲೆ ಎನ್ನುತ್ತೇನೆ. ನನಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ.

ಇಷ್ಟು ಕಟುಕರಾಗುವುದನ್ನು ನಮಗೆ ಕಲಿಸಿದವರು ನೀವು. ಹಿರಿಯರ ಹಬ್ಬದ ದಿನ ನಮ್ಮ ಮನೆತನದಲ್ಲಿ ಮೂರು ಎಲೆ ಹಾಕುತ್ತೇವೆ. ದಾಕ್ಷಾಯಣಿಯ ಎಲೆಗೆ ಹೋಳಿಗೆ, ಇಂಪನಾಳ ಎಲೆಗೆ ಹೋಳಿಗೆ ಮತ್ತು ಹಾಲು. ನಿಮ್ಮ ಎಲೆಗೆ ಒಂದು ಹಿಡಿ ಬೂದಿ. ಮಕ್ಕಳು ಸಾಲಾಗಿ ಬಂದು ಆ ಎಲೆಗೆ ಉಗಿದು ಹೋಗುವ ಪದ್ಧತಿಯೂ ಹಿಂದೆ ಇತ್ತು, ನನ್ನ ಅಜ್ಜಿಯ ಕಾಲಕ್ಕೆ ನಿಂತಿತು. ನಿಂತದ್ದು ನನಗೆ ಇಷ್ಟವಾಗಲಿಲ್ಲ.

ಆ ದಿನದ್ದನ್ನು ಬರೆಯುತ್ತೇನೆ, ನೀವು ಕಣ್ಣು ತಪ್ಪಿಸದೆ ಓದಬೇಕು. ಭಾನುವಾರ. ಬೆಳಗ್ಗೆ ಅಣ್ಣಿಗೇರಿಗೆ ಹೋಗಿ, ಬಿಸಿಲೇರಿದ ಮೇಲೆ ಮರಳಿದಿರಿ. ದಾರಿಯುದ್ದಕ್ಕೂ ದುಡಿದ ಬ್ಯಾಟರಿ ಕೈಗೆ ಸುಡುತ್ತಿತ್ತು. ಸುಡುತ್ತದೆ ಎಂದು ಟವೆಲ್ಲಿನಲ್ಲಿ ಹಿಡಿದುಕೊಂಡು ಮೇಲೆ ತಂದಿರಿ. ಕೈಗೆ ಟವೆಲ್ಲು ಬೇಕಾಯಿತು, ತಲೆಗೆ ಏನೂ ಹೊಳೆಯಲಿಲ್ಲ. ಬಾಗಿಲ ಪಕ್ಕದ ಪ್ಲಗ್ಗಿಗೆ ಪರರ ಉಣಿಕೆ ಹಚ್ಚಿದಿರಿ. ರೂಢಿಯಂತೆ ಕೌದಿ ಹೊದಿಸಿದಿರಿ. ಊಟವಾಯಿತು. ದಾಕ್ಷಾಯಣಿ ಮಗಳನ್ನು ಪಕ್ಕಕ್ಕೆ ಹಾಕಿಕೊಂಡು ಒಳಕೋಣೆಯಲ್ಲಿ ಅಡ್ಡಾದಳು. ‘ಈಗ ಬಂದೆ’ ಎಂದು ಹೇಳಿ ನೀವು ಗೆಳೆಯರ ಜೊತೆ ಗಿರಮಿಟ್ಟು ತಿನ್ನಲು ಹೋದಿರಿ. ಓಣಿಯಲ್ಲಿ ಕೂಗು ಎದ್ದಾಗ ಎರಡನೆಯ ತಟ್ಟೆ ಹೇಳಿ, ಮಿರ್ಚಿ ಬಿಸಿ ಇರಲಿ ಎನ್ನುತ್ತಿದ್ದಿರಿ.

ಉಣ್ಣುವ ಕೋಶ ಕೆರಳಿದರೆ ಒಲೆಯಂತೆ ಹೊತ್ತಿಕೊಳ್ಳುವುದಿಲ್ಲ, ಅದರೊಳಗಿನ ಸಣ್ಣ ಸಣ್ಣ ಕೋಶಗಳು ಒಂದರ ಹಿಂದೊಂದು ಸಿಡಿಯುತ್ತವೆ. ಮೊದಲು ಹೊಗೆ ಬರುತ್ತದೆ, ಆ ಹೊಗೆಯೇ ಸಾಕು. ಕೆಳಗೆ ನಿಂತ ಜನ ‘ಬಾಗಲಾ ತಗೀರಿ’ ಎಂದು ಕೂಗಿದರು. ಉರಿಯುತ್ತಿದ್ದದ್ದು ಬಾಗಿಲೇ. ಕಿಟಕಿಯ ಸರಳುಗಳನ್ನು ಹಾಕಿಸಿದವರು ನೀವು, ಕಳ್ಳರು ಬರಬಾರದೆಂದು, ವೆಲ್ಡಿಂಗಿನವನ ಪಕ್ಕ ನಿಂತು, ಗಟ್ಟಿ ಹಾಕು ಎಂದು ಹೇಳಿ ಹಾಕಿಸಿದ್ದು. ಗಟ್ಟಿಯಾಗಿಯೇ ಹಾಕಿದ್ದ. ಒಳಗೆ ಯಾರೂ ಬರಲಿಲ್ಲ, ಹೊರಗೂ ಯಾರೂ ಬರಲಿಲ್ಲ.

ಇಲ್ಲಿಯವರೆಗೆ ಬರೆದದ್ದು ಒಂದು. ಇನ್ನು ಮುಂದಿನದು ನಿಮಗೆ ಗೊತ್ತಿಲ್ಲದ್ದು. ವರ್ಷ ಕಳೆದ ಮೇಲೆ ನಿಮ್ಮ ಅಕ್ಕ ನವಲಗುಂದದ ಕಸ್ತೂರಿ ಎಂಬವಳನ್ನು ತೋರಿಸುತ್ತಾಳೆ. ಕಸ್ತೂರಿಗೆ ಒಬ್ಬ ಮಗ ಹುಟ್ಟುತ್ತಾನೆ, ಆ ಮಗನಿಂದ ನಾವೆಲ್ಲ. ಹೊಸ ಮನೆಯ ಮುಂದೆ, ರಸ್ತೆಯ ಅಂಚಿಗೆ, ನೀವು ಕೈಯಾರೆ ಕಲ್ಲು ಹೊತ್ತು ಒಂದು ಕಟ್ಟೆ ಕಟ್ಟುತ್ತೀರಿ. ಗಾಡಿಯ ಬ್ಯಾಟರಿಯನ್ನು ಅಲ್ಲಿಟ್ಟು ಉಣಿಸುತ್ತ, ಮುಂಗೈಯಿಂದ ಮುಟ್ಟಿ ನೋಡುತ್ತ, ಅದು ಮುಗಿಯುವವರೆಗೆ ಏಳದೆ ಕೂರುತ್ತೀರಿ. ಜನ ‘ಬ್ಯಾಟ್ರಿ ಹುಚ್ಚ’ ಎಂದು ಹೆಸರಿಡುತ್ತಾರೆ. ಹೋಗುವವರು ಬರುವವರನ್ನೆಲ್ಲ ತಡೆದು, ಗಿರಮಿಟ್ಟಿನ ತಟ್ಟೆಯಿಂದ ಕೌದಿಯ ತುದಿಯವರೆಗೆ ಎಲ್ಲವನ್ನೂ ಹೇಳುತ್ತೀರಿ. ನಮಗೆ ಇಷ್ಟೆಲ್ಲ ತಿಳಿದದ್ದು ಹಾಗೆ. ಹುಚ್ಚ ಹೇಗೂ ಕೂತಿರುತ್ತಾನಲ್ಲ ಎಂದು ಓಣಿಯವರು ಒಬ್ಬೊಬ್ಬರೇ ತಮ್ಮ ಬ್ಯಾಟರಿಗಳನ್ನೂ ತಂದು ನಿಮ್ಮ ಪಕ್ಕ ಇಟ್ಟುಹೋಗುತ್ತಾರೆ. ಅದು ಮೊದಲ ಕಟ್ಟೆ. ಈ ಓಲೆಯ ತಲೆಯಲ್ಲಿ ಬರೆದ ಕಟ್ಟೆ ವರ್ಷವನ್ನು ನಾಡೆಲ್ಲ ಅಲ್ಲಿಂದ ಎಣಿಸುತ್ತದೆ.

ಹಿಂದೋಲೆಯ ಸರದಿ ನಮ್ಮ ಮನೆತನಕ್ಕೆ ಬಂದಾಗ ನಾವೆಲ್ಲ ಆ ಕಟ್ಟೆಯ ಸುತ್ತಲೇ ಸೇರಿದೆವು. ಏನು ಬರೆಯಬೇಕು ಎಂಬುದರಲ್ಲಿ ತಕರಾರಿರಲಿಲ್ಲ. ಯಾವ ದಿನ ತಲುಪಬೇಕು ಎಂಬುದೇ ಮಾತು. ಶನಿವಾರ ತಲುಪಿಸಿದರೆ ನೀವು ಓದುತ್ತೀರಿ, ಎದ್ದು ಕೌದಿ ಎಳೆಯುತ್ತೀರಿ, ಬ್ಯಾಟರಿಯನ್ನು ಬಾಗಿಲಿನಿಂದ ಆಚೆಗೆ ಒಯ್ಯುತ್ತೀರಿ. ಭಾನುವಾರ ಸಂಜೆ ದಾಕ್ಷಾಯಣಿ ಎದ್ದು ಚಹಾಕ್ಕೆ ಇಡುತ್ತಾಳೆ. ಸೋಮವಾರ ಇಂಪನಾ ಶಾಲೆಗೆ ಹೋಗುತ್ತಾಳೆ. ಕಸ್ತೂರಿ ಬರುವುದಿಲ್ಲ. ಕಟ್ಟೆಯ ಸುತ್ತ ಕೂತು ಕಡ್ಲಿ ತಿನ್ನುತ್ತಿದ್ದ ನಮ್ಮಲ್ಲಿ ಒಬ್ಬರೂ ಇರುವುದಿಲ್ಲ.

ನನ್ನ ತಮ್ಮನ ಮಗ ಅಂದಾನಯ್ಯ ಓದಿದವನು, ಅವನು ಎದ್ದು ನಿಂತು ‘ನಾವು ಹೋದ್ರ ಹೋಗ್ಲಿ, ಕಟ್ಟಿನೂ ಹೋಗತಾವಲ್ಲ! ಕಟ್ಟಿ ಇಲ್ಲಂದ್ರ ಎಷ್ಟ ಮನಿ ಸುಡತಾವ?’ ಎಂದ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಚೆಂದದ ಮಾತು, ಕೇಳಲಿಕ್ಕೆ ಧರ್ಮದಂತೆ ಇದೆ. ನಿಮ್ಮ ಮುಂದೆ ಆ ನೆಪವನ್ನು ನಾನು ಹೂಡುವುದಿಲ್ಲ. ನಮಗೆ ಹುಟ್ಟುವ ಆಸೆ, ಅಷ್ಟೇ. ನನ್ನ ಮೊಮ್ಮಗನ ಮಗಳು ಮಿಣುಕಿಗೂ ಈಗ ಏಳು ವರ್ಷ. ಅವಳು ನನ್ನ ತೊಡೆಗೆ ಒರಗಿಕೊಂಡು ಕೇಳಿದಳು, ‘ಆ ಹುಡುಗಿ ನಮ್ಮಾಕಿ ಅಲ್ಲೇನ, ಆಯಿ?’ ಅಲ್ಲ ಎಂದೆ. ನಾವು ಕಸ್ತೂರಿಯ ಕಡೆಯವರು ಎಂದೆ. ಅವಳು ತನ್ನ ಅಂಗೈಯನ್ನು ಮೇಲೆತ್ತಿ ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು. ಆ ಕೈ ನನಗೆ ಬೇಕು, ಮಹಾರುದ್ರಪ್ಪನವರೇ. ಇಂಪನಾಳ ಕೈಗಿಂತ ಬೇಕು. ಇದನ್ನು ಬರೆಯಲು ನನಗೆ ನಾಚಿಕೆಯಾಗಬೇಕಿತ್ತು, ಆಗುತ್ತಿಲ್ಲ.

ಆದ್ದರಿಂದ ಈ ಓಲೆ ನಿಮಗೆ ಬುಧವಾರ ತಲುಪಿದೆ, ಆ ಭಾನುವಾರ ಕಳೆದ ಮೇಲಿನ ಬುಧವಾರ. ನೀವು ಈಗ ಅಕ್ಕನ ಮನೆಯ ಹಿತ್ತಲಲ್ಲಿ ಕೂತಿದ್ದೀರಿ, ಪಡಸಾಲೆಯ ತುಂಬ ಮಾತಾಡಿಸಲು ಬಂದವರು ಇದ್ದಾರೆ. ಇದು ನಾಲ್ಕು ದಿನ ಮೊದಲೇ ಬರಬಹುದಿತ್ತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಿಮ್ಮಲ್ಲೂ ಇತ್ತು. ನಾವು ಕೊಳ್ಳೆ ಮುಗಿಯಲಿ ಎಂದು ಕಾದು ಕೂತು ಹಾಕಿದವರು. ನೀವು ತಿಳಿಯದೆ ಕೊಂದಿರಿ, ನಾವು ತಿಳಿದು, ಮಾತಾಡಿ, ಕೈ ಎತ್ತಿ ಒಪ್ಪಿ ಬಿಟ್ಟುಕೊಟ್ಟೆವು. ಇನ್ನು ನಿಮ್ಮ ಎಲೆಗೆ ಬೂದಿ ಹಾಕುವ ಮುಖ ನಮಗಿದೆಯೇ ಎಂದರೆ, ಇದೆ. ಹಾಕುತ್ತೇವೆ.

ಈಗ ನಮ್ಮ ಕೇಳಿಕೆ. ಹಿತ್ತಲಲ್ಲಿ ಬಾವಿ ಇದೆ ಎಂದು ನನಗೆ ಗೊತ್ತು, ಅದರ ಕಡೆ ನೋಡಬೇಡಿ. ನಿಮಗೆ ಸಾಯಲು ಅಪ್ಪಣೆ ಇಲ್ಲ, ನಾವಿನ್ನೂ ಹುಟ್ಟಬೇಕು. ಅಕ್ಕ ಅನ್ನ ಕಲಸಿ ಕೊಟ್ಟರೆ ನುಂಗಿ. ಕಸ್ತೂರಿಯನ್ನು ತೋರಿಸಿದ ದಿನ ಹೂಂ ಎನ್ನಿ. ಇಲ್ಲಿ ಉಣಿಸುವ ಬಗೆಯನ್ನೆಲ್ಲ ಬರೆದದ್ದು ದಾಕ್ಷಾಯಣಿಗಾಗಿ ಅಲ್ಲ, ಕಸ್ತೂರಿಯ ಮನೆಗಾಗಿ. ಅದನ್ನು ಒಂದಕ್ಷರ ಬಿಡದೆ ನಡೆಸಿ, ಕಟ್ಟೆ ಕಟ್ಟಿ, ಹುಚ್ಚನಾಗಿ. ನಿಮಗೆ ಬೇರೆ ಏನೂ ಆಗಲು ನಾವು ಬಿಟ್ಟಿಲ್ಲ.

ಕೊನೆಯದೊಂದು ಮಾತು. ಕೌದಿ ಪೂರ್ತಿ ಸುಟ್ಟಿಲ್ಲ. ಗೋಡೆ ಮತ್ತು ಚಪ್ಪಲಿಯ ಗೂಡಿನ ನಡುವೆ ಸಿಕ್ಕಿಕೊಂಡು ಒಂದು ತುದಿ ಉಳಿದಿದೆ, ಇಂಪನಾ ಎಳೆದು ಸರಿಮಾಡಿದ ತುದಿ. ನೆರೆಯವರು ಅದನ್ನು ತಂದು ಕೊಡುತ್ತಾರೆ. ಸಿಟ್ಟಿನಲ್ಲಿ ಎಸೆಯಬೇಡಿ, ತೊಳೆದು ಇಡಿ. ಕಸ್ತೂರಿಯ ಮಗ ಹುಟ್ಟಿದ ದಿನ ಅವನಿಗೆ ಅದನ್ನೇ ಹೊದಿಸಬೇಕು. ನಾವೆಲ್ಲರೂ ಹುಟ್ಟಿದ ದಿನ ಅದನ್ನೇ ಹೊದ್ದು ಬೆಚ್ಚಗೆ ಮಲಗಿದವರು.

ಅವರಿಬ್ಬರ ಬದಲಿಗೆ ಇರುವ,
ಬಾಳವ್ವ